ಸ್ವರಸಾಧನೆಯೇ ಬುನಾದಿ

ನಮ್ಮ ಗಾನವೃಂದಗಳ ತರುಣರು ಬಾಸ್ ಗಿಟಾರ್ ಹಿಡಿದೊಡನೆ ಹಾಡು ನುಡಿಸಲು ಆತುರಪಡುತ್ತಾರೆ. ಮೇಜರ್ ಸ್ಕೇಲಿನ ಅಭ್ಯಾಸ ಅವರಿಗೆ ಬೇಸರ. ಇದು ಸಲ್ಲದೆಂಬುದು ನಮ್ಮ ಅಭಿಪ್ರಾಯ. ಭೀಮಾತೀರದ ಸೊನ್ನದ ಕಡೆ ಹಾರ್ಮೋನಿಯಂ ಕಲಿತವರಿಗೆ ಈ ಸ್ಕೇಲು ಪರಕೀಯವಲ್ಲ. ಹಿಂದೂಸ್ತಾನಿಯ ಬಿಲಾವಲ್ ಥಾಟ್‌ನ ಏಳು ಶುದ್ಧ ಸ್ವರಗಳೇ ಅವು. ಪಾಶ್ಚಾತ್ಯ ಸ್ವರನಾಮಗಳನ್ನು 11ನೆಯ ಶತಮಾನದಲ್ಲಿ ಸ್ನಾನಿಕ ಯೊವಾನ್ನರ ಸ್ತೋತ್ರಗೀತೆಯಿಂದ ಆಯ್ದು, ಗಾಯಕರ ಕಲಿಕೆಯನ್ನು ಸುಲಭಗೊಳಿಸಿದವರು ನಮ್ಮ ಧರ್ಮಸಭೆಯ ಸನ್ಯಾಸಿ, ಅರೆಝ್ಜೊದ ಗ್ವಿದೊ.

'ಎ' ತಂತಿಯ 3ನೆಯ ಫ್ರೆಟ್ಟಿನಿಂದ ಅದೇ ತಂತಿಯ ಮೇಲೆ ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು ಫ್ರೆಟ್ಟುಗಳಂತೆ ಏರಿದರೆ 'ಸಿ ಮೇಜರ್' ಸಿದ್ಧಿಸುತ್ತದೆ. ಬಲಿಪೂಜೆಯಲ್ಲಿ ಬಾಸ್ ತಪ್ಪಿದರೆ ಭಕ್ತಾದಿಗಳ ಹಾಡೇ ತಡವರಿಸುತ್ತದೆ. ಆದುದರಿಂದ ಹೆತ್ತವರೇ, ಮನೆಯಲ್ಲಿ ಅದೇ ಏಳು ಸ್ವರಗಳು ದಿನವೂ ಮೊಳಗಿದರೆ ಗದರದಿರೋಣ, ತಾಳ್ಮೆಯಿಂದ ಕೇಳೋಣ.