ನಮ್ಮ ಬಾಲಿಕೆಯರೂ ಅಳತೆಗೋಲೂ

ಹಳೆಯ ವಿದ್ಯಾರ್ಥಿನಿಯರೂ ಈಗಿನ ಬಾಲಿಕೆಯರ ತಾಯಿತಂದೆಗಳೂ ಓದುವ ಈ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವರು ಶೀಲ, ಸಂಗೀತ, ಹೊಲಿಗೆ, ಪರೀಕ್ಷೆಯ ಫಲಿತಾಂಶ ಇವುಗಳನ್ನು ಕುರಿತು ನಾಲ್ಕು ಮಾತು ಬರೆಯುವುದು ವಾಡಿಕೆಯಾಗಿದೆ. ಈ ಸಾರಿ ನಾವು ಆ ವಾಡಿಕೆಯನ್ನು ತುಸು ಮೀರಿ ಇಟ್ಟಿಗೆ, ಮರಳು, ಗಾರೆಗಳನ್ನು ಕುರಿತು ಬರೆಯಲು ಧೈರ್ಯಮಾಡಿದ್ದೇವೆ. ಕಟ್ಟಡದ ಕೆಲಸವನ್ನು ಭಾಗಭಾಗವಾಗಿ ಅಳೆದು, ಆ ಅಳತೆಯನ್ನು ಕ್ರಮವಾಗಿ ಬರೆದಿಟ್ಟು, ತಗಲುವ ವೆಚ್ಚವನ್ನು ಮುಂಚಿತವಾಗಿ ತಿಳಿದು, ಅದನ್ನು ಮಿತಿಯಲ್ಲಿ ಇಟ್ಟುಕೊಳ್ಳುವ ವಿದ್ಯೆಯನ್ನು ನಮ್ಮ ಬಾಲಿಕೆಯರಿಗೆ ಕಲಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯವು ನಮ್ಮಲ್ಲಿ ಹುಟ್ಟಿದ ಬಗೆಯನ್ನು ಮರೆಮಾಚದೆ ಹೇಳುತ್ತೇವೆ. ಅದರಲ್ಲಿ ನಮಗೆ ನಾಚಿಕೆಯ ಸಂಗತಿಯೂ ಉಂಟು.

ಕೆಲವು ವರ್ಷಗಳ ಹಿಂದೆ ಬೋರ್ಡಿಂಗಿನ ಊಟದ ಶಾಲೆಯ ಗೋಡೆಗಳಿಗೆ ಒಳಗೂ ಹೊರಗೂ ಹೊಸದಾಗಿ ಗಿಲಾವು ಮಾಡಿಸಿದೆವು. ಚದರ ಮೀಟರಿಗೆ ಇಂತಿಷ್ಟು ಎಂದು ಕೂಲಿ ಗೊತ್ತಾಗಿತ್ತು. ಕೆಲಸ ಮುಗಿದ ಮೇಲೆ ಮೇಸ್ತ್ರಿಯು ತನ್ನ ಲೆಕ್ಕವನ್ನು ತಂದುಕೊಟ್ಟನು. ಆ ಶಾಲೆಗೆ ಹನ್ನೆರಡು ಕಿಟಕಿಗಳಿವೆ, ಒಂದೊಂದೂ 1.2 ಮೀಟರ್ ಅಗಲ, ಅಷ್ಟೇ ಎತ್ತರ. ನಮ್ಮ ಲೆಕ್ಕದಲ್ಲಿ ಪ್ರತಿಯೊಂದು ಕಿಟಕಿಯ ತೆರಪನ್ನು ಒಳಮೈಯಿಂದಲೂ ಹೊರಮೈಯಿಂದಲೂ ಕಳೆದು, ಒಟ್ಟು 34.56 ಚದರ ಮೀಟರ್ ಬಿಟ್ಟಿದ್ದೆವು. ಮೇಸ್ತ್ರಿಯಾದರೋ ಒಂದೇ ಮೈಯಿಂದ ಕಳೆದು 17.28 ಚದರ ಮೀಟರ್ ಮಾತ್ರ ಬಿಟ್ಟಿದ್ದನು. ಇಲ್ಲದ ಗೋಡೆಗೆ ಈತನು ಕೂಲಿ ಕೇಳುತ್ತಾನಲ್ಲಾ ಎಂದು ನಾವು ಮನಸ್ಸಿನಲ್ಲಿ ಅಂದುಕೊಂಡು, ಆ ಹೆಚ್ಚಿನ ಮೊತ್ತವನ್ನು ಹಿಡಿದಿಟ್ಟೆವು. ಆತನು ವಯಸ್ಸಾದವನು, ಮಿತಭಾಷಿ. “ಅಮ್ಮಾವರೇ, ಅಳತೆಯ ಪದ್ಧತಿಯೇ ಹಾಗೆ” ಎಂದು ಒಂದು ಮಾತು ಹೇಳಿ ಹೊರಟುಹೋದನು. ಆ ಪದ್ಧತಿಯು ಯಾಕೆ ಹಾಗಿದೆಯೆಂದು ವಿವರಿಸಲು ಅವನಿಗೆ ಬಾರದು. ಕೇಳಲು ನಮಗೆ ತೋಚಲಿಲ್ಲ.

ಅದೇ ತಿಂಗಳು ಗಣಿತದ ಉಪಾಧ್ಯಾಯಿನಿಯವರು ಒಂಬತ್ತನೆಯ ತರಗತಿಯವರನ್ನು ಟೇಪಿನೊಂದಿಗೆ ಆ ಶಾಲೆಗೆ ಕರೆದುಕೊಂಡು ಹೋಗಿ, ಕ್ಷೇತ್ರಫಲದ ಪಾಠವನ್ನು ಗೋಡೆಯ ಮೇಲೆಯೇ ಮಾಡಿಸಿದರು. ಆಗ ಒಬ್ಬ ಹುಡುಗಿಯು, “ಟೀಚರ್, ಕಿಟಕಿಯ ಸುತ್ತಲೂ ಗೋಡೆಯ ದಪ್ಪಕ್ಕೂ ಗಿಲಾವು ಆಗಿದೆಯಲ್ಲ, ಅದನ್ನು ಎಲ್ಲಿ ಬರೆದುಕೊಳ್ಳಬೇಕು?” ಎಂದು ಕೇಳಿದಳು. ಅಳೆದು ನೋಡಿದರು. ಕಿಟಕಿಯ ನಾಲ್ಕು ಬದಿಗಳು ಕೂಡಿ 4.8 ಮೀಟರ್, ಗೋಡೆಯ ದಪ್ಪ 30 ಸೆಂಟಿಮೀಟರ್, ಗುಣಿಸಿದರೆ 1.44 ಚದರ ಮೀಟರ್. ಕಿಟಕಿಯ ತೆರಪಿನ ಒಂದು ಮೈಯೂ ಸರಿಯಾಗಿ ಅಷ್ಟೇ! ಚೌಕಟ್ಟು ಮುಚ್ಚಿದ ಅಲ್ಪಭಾಗವನ್ನು ಬಿಟ್ಟರೆ, ನಾವು ಎರಡನೆಯ ಮೈಯಿಂದ ಕಳೆದಷ್ಟು ಗಿಲಾವನ್ನು ಆ ಮುದುಕನು ಕಿಟಕಿಯ ಪಕ್ಕಗಳಲ್ಲಿ ಮಾಡಿಯೇ ಇದ್ದನು. ಅದನ್ನು ನಾವು ಪುಕ್ಕಟೆಯಾಗಿ ಪಡೆದುಕೊಂಡಂತಾಯಿತು.

ತರುವಾಯ ಇಂಜಿನಿಯರ್ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಕಟ್ಟಡದ ಕೆಲಸಗಳನ್ನು ಅಳೆಯುವ ವಿಧಾನವನ್ನು ಗೊತ್ತುಮಾಡಿದ ಭಾರತೀಯ ಮಾನಕವನ್ನು ತಂದು ತೋರಿಸಿದರು. ಐ.ಎಸ್. 1200 ಎಂಬ ಈ ಮಾನಕವು ಮೊದಲು 1958ರಲ್ಲಿ ಪ್ರಕಟವಾಗಿ, ಆಮೇಲೆ ಮಣ್ಣಿನ ಕೆಲಸ, ಕಾಂಕ್ರೀಟು, ಇಟ್ಟಿಗೆಯ ಕೆಲಸ, ಗಿಲಾವು ಎಂದು ಬೇರೆ ಬೇರೆ ಭಾಗಗಳಾಗಿ ವಿಸ್ತರಿಸಿತು. ಅದರ ಮೇರೆಗೆ ಗಿಲಾವಿನಲ್ಲಿ ಅರ್ಧ ಚದರ ಮೀಟರಿಗೆ ಮೀರದ ತೆರಪನ್ನು ಕಳೆಯತಕ್ಕದ್ದಲ್ಲ. ಅರ್ಧ ಚದರ ಮೀಟರಿಗೆ ಮೀರಿ 3 ಚದರ ಮೀಟರಿನ ವರೆಗಿನ ತೆರಪನ್ನು, ಎರಡೂ ಮೈಗೆ ಒಂದೇ ತರದ ಗಿಲಾವಿದ್ದರೆ, ಒಂದೇ ಮೈಯಿಂದ ಕಳೆಯಬೇಕು, ಪಕ್ಕಗಳನ್ನು ಬೇರೆ ಕೂಡಿಸಬಾರದು. ಅದಕ್ಕಿಂತ ದೊಡ್ಡದಾದರೆ ಎರಡೂ ಮೈಯಿಂದ ಕಳೆದು, ಪಕ್ಕಗಳನ್ನು ಅಳೆದು ಕೂಡಿಸಬೇಕು. ಮೇಸ್ತ್ರಿಯ ಮಾತು ಅಕ್ಷರಶಃ ನಿಜವಾಗಿತ್ತು. ಆತನನ್ನು ಕರೆಯಿಸಿ, ಆ ಬಾಲಿಕೆಯರ ಎದುರಿನಲ್ಲಿಯೇ ಬಾಕಿಯನ್ನು ಕೊಟ್ಟು, ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಆ ಹಣದಲ್ಲಿ ಇಬ್ಬರು ಕೈಯಾಳು ಹೆಂಗಸರ ಕೂಲಿಯೂ ಸೇರಿತ್ತೆಂದು ಆಗ ತಿಳಿಯಿತು.

ಈ ಸಂಗತಿಯಿಂದ ನಾವು ಕಲಿತದ್ದು ಇಷ್ಟು: ಅಳತೆಯನ್ನು ಅರಿಯದವರಿಗೆ ಎರಡು ಹಳ್ಳಗಳಿವೆ. ಕಣ್ಣುಮುಚ್ಚಿ ನಂಬಿ ಮೋಸಹೋಗುವುದು ಒಂದು. ಕಣ್ಣುಮುಚ್ಚಿ ಸಂಶಯಪಟ್ಟು ಅನ್ಯಾಯಮಾಡುವುದು ಇನ್ನೊಂದು. ಮೊದಲನೆಯದರ ವಿಷಯವಾಗಿ ತಾಯಿತಂದೆಗಳು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವುದುಂಟು. ಎರಡನೆಯದರ ವಿಷಯವಾಗಿ ಯಾರೂ ಹೇಳುವುದಿಲ್ಲ. ಒಳ್ಳೆಯ ಮನಸ್ಸೊಂದಿದ್ದರೆ ನ್ಯಾಯವು ತಾನಾಗಿ ನಡೆಯುವುದೆಂದು ನಾವೂ ಎಣಿಸಿದ್ದೆವು; ಮನಸ್ಸಿನ ಸಂಗಡ ಲೆಕ್ಕವೂ ಬೇಕೆಂದು ಹನ್ನೆರಡು ಕಿಟಕಿಗಳು ನಮಗೆ ಕಲಿಸಿದವು.

ಈ ವಿದ್ಯೆಯು ಬಹಳ ಗಹನವಾದದ್ದೆಂದು ಹೆದರಬೇಕಾಗಿಲ್ಲ. ಯಾವ ಕೆಲಸವನ್ನು ಯಾವ ಮಾನದಿಂದ ಅಳೆಯಬೇಕೆಂಬುದೇ ಮೊದಲನೆಯ ಪಾಠ. ಪಾಯದ ಮಣ್ಣು, ಕಾಂಕ್ರೀಟು, ದಪ್ಪಗೋಡೆ ಇವು ಘನಮಾನದಿಂದ, ಗಿಲಾವು, ಬಣ್ಣ, ನೆಲಗಟ್ಟು ಇವು ಚದರಮಾನದಿಂದ, ಕೊಳವೆಗಳು ಉದ್ದದಿಂದ, ಕಬ್ಬಿಣವು ತೂಕದಿಂದ. ಕಬ್ಬಿಣದ ಸರಳನ್ನು ತಕ್ಕಡಿಯಿಲ್ಲದೆಯೂ ತೂಗಬಹುದು. ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರ್ ಉದ್ದದ ತೂಕವು ಕಿಲೋಗ್ರಾಮಿನಲ್ಲಿ ಬರುತ್ತದೆ. 12 ಮಿಲಿಮೀಟರಿನ ಸರಳು ಮೀಟರಿಗೆ ಸುಮಾರು 0.89 ಕಿಲೋಗ್ರಾಂ ತೂಗುವುದೆಂದು ಎಂಟನೆಯ ತರಗತಿಯ ಹುಡುಗಿಯೂ ಹೇಳಬಲ್ಲಳು.

ಎರಡನೆಯ ಪಾಠವು ಒಂದೇ ಭಾಗವನ್ನು ಎರಡು ಸಾರಿ ಎಣಿಸದಿರುವುದು. ಒಳಗೆ 6 ಮೀಟರ್ ಉದ್ದ, 5 ಮೀಟರ್ ಅಗಲವಿರುವ ಒಂದು ಕೊಠಡಿಯನ್ನು ನೆನೆಯಿರಿ. ಗೋಡೆಯ ದಪ್ಪ 30 ಸೆಂಟಿಮೀಟರ್, ಎತ್ತರ 3 ಮೀಟರ್. ಹೊರಸುತ್ತನ್ನು ಅಳೆದರೆ 24.4 ಮೀಟರ್ ಆಗುತ್ತದೆ. ಅದನ್ನೇ ಗೋಡೆಯ ಉದ್ದವೆಂದು ಹಿಡಿದರೆ 21.96 ಘನಮೀಟರ್ ಗೋಡೆಯಾಯಿತು. ಆದರೆ ಹೀಗೆ ಮಾಡುವಾಗ ನಾಲ್ಕು ಮೂಲೆಗಳು ಎರಡೆರಡು ಸಾರಿ ಲೆಕ್ಕಕ್ಕೆ ಬಂದುಬಿಡುತ್ತವೆ. ಗೋಡೆಯ ನಟ್ಟನಡುವಿನ ರೇಖೆಯನ್ನು ಅಳೆದರೆ 23.2 ಮೀಟರ್; ಗೋಡೆಯು 20.88 ಘನಮೀಟರ್. ವ್ಯತ್ಯಾಸವು 1.08 ಘನಮೀಟರ್. ಗಾರೆಯ ಸಂದೂ ಸೇರಿ 20, 10, 10 ಸೆಂಟಿಮೀಟರಿನ ಇಟ್ಟಿಗೆಯಾದರೆ ಘನಮೀಟರಿಗೆ 500 ಬೇಕು. ಹೀಗೆ ಒಂದೇ ಕೊಠಡಿಯಲ್ಲಿ 540 ಇಟ್ಟಿಗೆಗಳ ಬೆಲೆಯು ಮೂಲೆಗಳಲ್ಲಿ ಅಡಗಿಹೋಗುತ್ತದೆ. ಇದರಲ್ಲಿ ಯಾರ ಮೋಸವೂ ಇರಬೇಕಾಗಿಲ್ಲ, ಅಜಾಗ್ರತೆಯೊಂದೇ ಸಾಕು.

ಮೂರನೆಯದು, ನೆಲದ ಅಳತೆಯನ್ನೇ ಮಾಡಿನ ಅಳತೆಯೆಂದು ಭಾವಿಸದಿರುವುದು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ನಮ್ಮ ಎಷ್ಟೋ ಶಾಲೆಗಳೂ ದೇವಾಲಯಗಳೂ ಕೆಂಪು ಹಂಚಿನ ಮಾಡನ್ನು ಹೊತ್ತು ನಿಂತಿವೆ. ಮಾಡು 30 ಡಿಗ್ರಿ ಇಳಿಜಾರಾಗಿದ್ದರೆ, 100 ಚದರ ಮೀಟರ್ ನೆಲವನ್ನು ಮುಚ್ಚಲು 115 ಚದರ ಮೀಟರಿಗಿಂತ ತುಸು ಹೆಚ್ಚು ಮಾಡು ಬೇಕಾಗುತ್ತದೆ. ನೆಲವನ್ನಷ್ಟೇ ಅಳೆದು ಹಂಚು ತರಿಸಿದವರು ಮಳೆಗಾಲದ ಬಾಗಿಲಲ್ಲಿ ಪುನಃ ಅಂಗಡಿಗೆ ಓಡಬೇಕಾಗುವುದು.

ಕೊನೆಯದಾಗಿ, ಮುಚ್ಚಿಹೋಗುವ ಕೆಲಸವನ್ನು ಮುಚ್ಚುವುದಕ್ಕೆ ಮುಂಚೆಯೇ ಅಳೆಯಬೇಕು. ಪಾಯದ ಆಳವನ್ನು ಮಣ್ಣು ತುಂಬಿದ ಮೇಲೂ, ಸರಳುಗಳ ಸಂಖ್ಯೆಯನ್ನು ಕಾಂಕ್ರೀಟು ಸುರಿದ ಮೇಲೂ ಅಳತೆಗೋಲಿನಿಂದ ತಿಳಿಯಲಾಗದು. ತಾರೀಖಿನೊಂದಿಗೆ ಅಳತೆ ಪುಸ್ತಕದಲ್ಲಿ ಆ ದಿನವೇ ಬರೆದದ್ದೇ ಸಾಕ್ಷಿ. ದರಗಳು ವರ್ಷವರ್ಷಕ್ಕೂ ಬದಲಾಗುತ್ತವೆ; ಅಳತೆಯು ನಿಲ್ಲುತ್ತದೆ. ಅಳತೆಯನ್ನು ಸರಿಯಾಗಿ ಬರೆದಿಟ್ಟವಳು ಯಾವ ದರಕ್ಕಾದರೂ ಗುಣಿಸಿ, ಕೈಯಲ್ಲಿರುವ ಹಣವು ಗಿಲಾವಿನ ವರೆಗೆ ಬರುವುದೋ ಗೋಡೆಗೇ ಮುಗಿಯುವುದೋ ಎಂದು ತಿಳಿದುಕೊಳ್ಳಬಲ್ಲಳು.

ದೇವರ ವಾಕ್ಯವನ್ನು ಬಲ್ಲವರಿಗೆ ಇದು ಹೊಸ ಮಾತೇನೂ ಅಲ್ಲ. ಗೋಪುರ ಕಟ್ಟಹೊರಟವನು ಮೊದಲು ಕೂತು ಲೆಕ್ಕಮಾಡದಿದ್ದರೆ ಏನಾಗುವುದೆಂಬ ದೃಷ್ಟಾಂತವನ್ನು ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ನಾವೆಲ್ಲರೂ ಓದಿದ್ದೇವೆ. ವಿಮೋಚನಕಾಂಡದ 38ನೆಯ ಅಧ್ಯಾಯದಲ್ಲಿ ದೇವದರ್ಶನದ ಗುಡಾರಕ್ಕೆ ಬಂದ ಬೆಳ್ಳಿಯ ಲೆಕ್ಕವಿದೆ: 6,03,550 ಜನರು ತಲೆಗೆ ಅರ್ಧ ಶೆಕೆಲಿನಂತೆ ಕೊಟ್ಟದ್ದು 100 ತಲಾಂತು, 1,775 ಶೆಕೆಲು, ನೂರು ತಲಾಂತು ನೂರು ಗದ್ದಿಗೇಕಲ್ಲುಗಳಿಗೆ, ಉಳಿದದ್ದು ಕೊಂಡಿ ಮುಂತಾದವುಗಳಿಗೆ. ತಲಾಂತಿಗೆ 3,000 ಶೆಕೆಲಿನಂತೆ ನಮ್ಮ ಬಾಲಿಕೆಯರು ಗುಣಿಸಿ ನೋಡಿದರು. ಒಂದು ಶೆಕೆಲೂ ತಪ್ಪಲಿಲ್ಲ. ಪರಿಶುದ್ಧ ಕಾರ್ಯಕ್ಕೇ ಇಷ್ಟು ಲೆಕ್ಕ ಒಪ್ಪಿಸಿದ ಮೇಲೆ, ನಮ್ಮ ಕಾರ್ಯಗಳಿಗೆ ಲೆಕ್ಕ ಬೇಡವೆನ್ನುವುದು ಹೇಗೆ?

ಹೆಣ್ಣುಮಕ್ಕಳಿಗೆ ಮೇಸ್ತ್ರಿಯ ವಿದ್ಯೆಯು ಯಾಕೆ ಎಂದು ಕೆಲವು ತಂದೆಗಳು ನಮ್ಮನ್ನು ಕೇಳಿದ್ದುಂಟು. ಅವರಿಗೆ ನಮ್ಮ ಉತ್ತರವಿದು: ಈ ದೇಶದಲ್ಲಿ ಕಟ್ಟಡದ ಮಣ್ಣನ್ನೂ ಜಲ್ಲಿಯನ್ನೂ ಹೊರುವವರಲ್ಲಿ ಹೆಂಗಸರು ಎಷ್ಟೋ ಮಂದಿ, ಅದನ್ನು ಯಾರೂ ಅನುಚಿತವೆನ್ನಲಿಲ್ಲ. ಹೊರುವುದು ಉಚಿತವಾದರೆ ಅಳೆಯುವುದು ಅನುಚಿತವೇ? ಮದ್ರಾಸಿನ ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನಿಂದ 1944ರಲ್ಲಿ ಹೊರಬಂದ ಪಿ. ಕೆ. ತ್ರೇಸ್ಯಾ ಎಂಬವರು 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜಿನಿಯರ್ ಆದರು. ಇಂಗ್ಲೆಂಡಿನಲ್ಲಿ ಐರಿನ್ ಬಾರ್ಕ್ಲೇ ಎಂಬವರು 1922ರಲ್ಲಿಯೇ ಚಾರ್ಟರ್ಡ್ ಸರ್ವೇಯರ್ ಆದ ಮೊದಲ ಸ್ತ್ರೀಯೆನಿಸಿಕೊಂಡರು. ನಮ್ಮ ಬಾಲಿಕೆಯರೆಲ್ಲರೂ ಇಂಜಿನಿಯರುಗಳಾಗಬೇಕೆಂದು ನಾವು ಹೇಳುವುದಿಲ್ಲ. ಆದರೆ ಮನೆಯ ಸಾಲದ ಪತ್ರಕ್ಕೆ ಗಂಡನ ಸಂಗಡ ರುಜು ಹಾಕುವವರು ಅವರಲ್ಲಿ ಬಹುಮಂದಿ ಇರುವರು. ಕೆಲಸವು ಮುಂದುವರಿದಂತೆ ಬ್ಯಾಂಕು ಕಂತುಕಂತಾಗಿ ಹಣ ಕೊಡುವಾಗ, ಎಷ್ಟು ಕೆಲಸವಾಗಿದೆಯೆಂದು ತಿಳಿಯದೆ ರುಜು ಹಾಕುವುದು ಕ್ಷೇಮವಲ್ಲ.

ಈಗ ಕಂಪ್ಯೂಟರೇ ನಕ್ಷೆಯಿಂದ ಅಳತೆಗಳನ್ನೆಲ್ಲಾ ತೆಗೆದುಕೊಡುತ್ತದೆಂದು ಕೆಲವರು ಹೇಳುತ್ತಾರೆ. ನಿಜವೇ. ಆದರೆ ಕಿಟಕಿಯ ಪಕ್ಕವನ್ನು ಎಣಿಸಬೇಕೋ ಬಾರದೋ ಎಂಬುದನ್ನು ಯಂತ್ರಕ್ಕೆ ಹೇಳಿಕೊಡತಕ್ಕವರು ಮನುಷ್ಯರೇ. ಹೇಳಿಕೊಟ್ಟದ್ದು ತಪ್ಪಾದರೆ ಯಂತ್ರವು ಆ ತಪ್ಪನ್ನೇ ಅತಿ ವೇಗವಾಗಿಯೂ ಅಂದವಾಗಿಯೂ ಬರೆದುಕೊಡುವುದು. ಪರೀಕ್ಷೆಯ ಭಾರವು ಹೆಚ್ಚುವುದೆಂಬ ಭಯವೂ ಬೇಡ. ಎಸ್.ಎಸ್.ಎಲ್.ಸಿ. ಪಾಠಗಳಲ್ಲಿ ಮೇಲ್ಮೈ ವಿಸ್ತೀರ್ಣವೂ ಘನಫಲವೂ ಇದ್ದೇ ಇವೆ. ಶಂಕುವನ್ನೂ ಸಿಲಿಂಡರನ್ನೂ ಕಾಗದದ ಮೇಲೆ ಅಳೆಯುವ ಬಾಲಿಕೆಯರು ತಾವು ಕೂತಿರುವ ಕೊಠಡಿಯನ್ನೂ ಅಳೆಯಲಿ ಎಂಬಷ್ಟೇ ನಮ್ಮ ಕೋರಿಕೆ.

ಆದಕಾರಣ ಬರುವ ವರ್ಷದಿಂದ ಒಂಬತ್ತನೆಯ ತರಗತಿಗೆ ವಾರಕ್ಕೊಂದು ತಾಸು ಈ ಅಭ್ಯಾಸಕ್ಕಾಗಿ ಇಡಬೇಕೆಂದು ಯೋಚಿಸಿದ್ದೇವೆ. ತರಗತಿಗೊಂದು ಅಳತೆ ಪುಸ್ತಕ, ನಾಲ್ಕು ಹುಡುಗಿಯರಿಗೆ ಒಂದು ಟೇಪು ಇದ್ದರೆ ಸಾಕು. ಈ ಕೆಲಸವನ್ನು ಬಲ್ಲ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೆ ಒಂದೆರಡು ದಿವಸ ಬಂದು ಪಾಠ ಹೇಳಬೇಕೆಂದೂ, ಮನೆ ಕಟ್ಟಿಸುತ್ತಿರುವ ತಾಯಿತಂದೆಗಳು ತಮ್ಮ ಮಗಳ ಕೈಗೆ ಟೇಪಿನ ಒಂದು ತುದಿಯನ್ನು ಕೊಡಬೇಕೆಂದೂ ಪ್ರೀತಿಯಿಂದ ಬೇಡುತ್ತೇವೆ. ಆ ಮೇಸ್ತ್ರಿಯು ಒಪ್ಪಿದರೆ ಮೊದಲನೆಯ ಪಾಠಕ್ಕೆ ಅವನನ್ನೇ ಕರೆಯಬೇಕೆಂದಿದ್ದೇವೆ. ನಾವು ಅವನಿಂದ ಕಲಿಯದೆ ಬಿಟ್ಟದ್ದನ್ನು ನಮ್ಮ ಮಕ್ಕಳಾದರೂ ಕಲಿಯಲಿ. ಕೊಡತಕ್ಕದ್ದನ್ನು ಕೊಡುವ, ಕೊಡಬಾರದ್ದನ್ನು ಧೈರ್ಯವಾಗಿ ನಿರಾಕರಿಸುವ ಸ್ತ್ರೀಯರಾಗಿ ಅವರು ಈ ಶಾಲೆಯಿಂದ ಹೊರಡುವಂತೆ ಕರ್ತನು ಅನುಗ್ರಹಿಸಲಿ.