ಕಲ್ಲಿಗೆ ಬೆಲೆ, ಅರ್ಜಿಗೆ ಮೌನ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಪರಿಸರದ ಸುಣ್ಣದ ಕಲ್ಲನ್ನು ಹುಡುಕಿಕೊಂಡು ದೊಡ್ಡ ದೊಡ್ಡ ಸಿಮೆಂಟ್ ಕಂಪೆನಿಗಳು ಬಂದಿವೆ. ಆದರೆ ಅದೇ ನೆಲದಲ್ಲಿ ಹುಟ್ಟಿ, ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ ಯುವಕನ ಅರ್ಜಿಗೆ ಉತ್ತರ ಬರುವುದು ಅಪರೂಪ. ಆಯ್ಕೆಯಾಗಲಿಲ್ಲ ಎಂಬುದಕ್ಕಿಂತಲೂ, ಏಕೆ ಆಯ್ಕೆಯಾಗಲಿಲ್ಲ ಎಂದು ಯಾರೂ ಹೇಳಲಿಲ್ಲ ಎಂಬುದೇ ಅವನನ್ನು ಹೆಚ್ಚು ನೋಯಿಸುತ್ತದೆ.

ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಆರಂಭವಾದದ್ದು 1968ರಲ್ಲಿ. ಎಂಬತ್ತರ ದಶಕದಲ್ಲಿ ಮಳಖೇಡ ಮತ್ತು ಸೇಡಂನಲ್ಲೂ ಕಾರ್ಖಾನೆಗಳು ತಲೆಯೆತ್ತಿದವು. ಆದರೂ 2002ರಲ್ಲಿ ಡಾ. ನಂಜುಂಡಪ್ಪ ಸಮಿತಿಯು ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿ ತಾಲೂಕುಗಳನ್ನು ‘ಅತ್ಯಂತ ಹಿಂದುಳಿದ’ ಪಟ್ಟಿಯಲ್ಲೇ ಸೇರಿಸಿತು. ವಾಡಿ, ಶಹಾಬಾದಗಳು ಅಂದು ಚಿತ್ತಾಪುರ ತಾಲೂಕಿನಲ್ಲಿಯೇ ಇದ್ದವು. ಹಾಗಾದರೆ ಕಾರ್ಖಾನೆಯ ಸಂಪತ್ತು ಹೋದದ್ದೆಲ್ಲಿಗೆ?

ಕಾನೂನಿನತ್ತ ನೋಡಿದರೂ ನಿರಾಶೆಯೇ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಸರಕಾರಿ ಹುದ್ದೆ ಮತ್ತು ಶಿಕ್ಷಣಕ್ಕೆ ಸೀಮಿತ. ಖಾಸಗಿ ಕಾರ್ಖಾನೆಯ ಬಾಗಿಲು ಅದಕ್ಕೆ ತೆರೆಯದು. ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಇತರ ಹುದ್ದೆಗಳಲ್ಲಿ ಶೇ. 70 ನೀಡುವ ಮಸೂದೆಗೆ ರಾಜ್ಯ ಸಂಪುಟವು 2024ರ ಜುಲೈನಲ್ಲಿ ಒಪ್ಪಿಗೆ ಕೊಟ್ಟು, ಉದ್ಯಮಿಗಳ ಆಕ್ಷೇಪದ ಬೆನ್ನಿಗೇ ತಡೆಹಿಡಿಯಿತು. ಒಂದು ವೇಳೆ ಅದು ಜಾರಿಯಾಗಿದ್ದರೂ ಅದರಲ್ಲಿ ‘ಸ್ಥಳೀಯ’ ಎಂದರೆ ಇಡೀ ರಾಜ್ಯದವನು. ಗಣಿಯ ಧೂಳು ಕುಡಿಯುವ ಚಿಂಚೋಳಿಯವನಿಗೂ ಮೈಸೂರಿನವನಿಗೂ ಅಲ್ಲಿ ವ್ಯತ್ಯಾಸವಿರಲಿಲ್ಲ.

ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕೆಂದು 1959ರ ಕಾಯ್ದೆಯೇ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಹೊಣೆಯಿದೆ. ಆದರೆ ತಿಳಿಸುವುದು ಮಾತ್ರ ಕಡ್ಡಾಯ, ಅಲ್ಲಿಂದಲೇ ನೇಮಿಸುವುದಲ್ಲ. ಅಪ್ರೆಂಟಿಸ್ ತರಬೇತಿ ಮುಗಿಸಿದವರ ನೇಮಕಕ್ಕೆ ಪ್ರತಿ ಸಂಸ್ಥೆಯೂ ತನ್ನದೇ ನೀತಿ ರೂಪಿಸಬೇಕೆಂದು 2014ರ ತಿದ್ದುಪಡಿ ವಿಧಿಸಿದೆ. ಆ ನೀತಿಯನ್ನು ಕಣ್ಣಾರೆ ಕಂಡ ತರಬೇತಿದಾರರು ಎಷ್ಟು ಮಂದಿ?

ಮುಚ್ಚಿದ ಬಾಗಿಲ ಹಿಂದೆ ನಡೆಯುವ ಆಯ್ಕೆಯಲ್ಲಿ ಪೂರ್ವಗ್ರಹಕ್ಕೂ ಜಾಗವಿರುತ್ತದೆ. ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಖಾಸಗಿ ಕಂಪೆನಿಗಳಿಗೆ ಕಳುಹಿಸಿ ನಡೆಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಸಂದರ್ಶನದ ಕರೆ ಕಡಿಮೆ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ ಎಂದು ಅದು ತೋರಿಸಿತು.

ಕಂಪೆನಿಗಳು ಅನರ್ಹರಿಗೆ ಕೆಲಸ ಕೊಡಲಿ ಎಂದು ಯಾರೂ ಕೇಳುತ್ತಿಲ್ಲ. ಖಾಲಿ ಹುದ್ದೆಗಳ ವಿವರ ಕನ್ನಡದಲ್ಲಿ ಗ್ರಾಮ ಪಂಚಾಯತಿ ಮತ್ತು ಐಟಿಐಗಳ ಫಲಕಕ್ಕೆ ಬರಲಿ. ಅಪ್ರೆಂಟಿಸ್ ನೀತಿ ಬಹಿರಂಗವಾಗಲಿ. ಸಂದರ್ಶನಕ್ಕೆ ಕರೆದವನಿಗೆ ನಿಗದಿತ ದಿನದೊಳಗೆ ಕಾರಣ ಸಹಿತ ಉತ್ತರ ಸಿಗಲಿ. ಗುತ್ತಿಗೆದಾರರ ಮೂಲಕ ನಡೆಯುವ ನೇಮಕಾತಿಗೂ ಇದೇ ನಿಯಮ ಅನ್ವಯಿಸಲಿ. ಇವುಗಳಿಗೆ ಹೊಸ ಕಾನೂನೂ ಬೇಡ, ಕೋಟಿಗಳ ವೆಚ್ಚವೂ ಇಲ್ಲ.

ನಮ್ಮ ಮುಖಂಡರಿಗೂ ಒಂದು ಮಾತು. ಸೋದರಳಿಯನೊಬ್ಬನಿಗಾಗಿ ಶಿಫಾರಸು ಪತ್ರ ಹಿಡಿದು ಗೇಟಿನ ಮುಂದೆ ನಿಲ್ಲುವವರು, ಸಾವಿರ ಯುವಕರಿಗಾಗಿ ನ್ಯಾಯ ಕೇಳುವ ನೈತಿಕ ಬಲವನ್ನು ಅಲ್ಲೇ ಒತ್ತೆಯಿಡುತ್ತಾರೆ. ಶಿಫಾರಸು ಒಬ್ಬನಿಗೆ ಕೆಲಸ ಕೊಡಿಸಬಹುದು. ಅರ್ಹತೆಯ ಮೇಲೆ ಉಳಿದವರಿಗಿದ್ದ ನಂಬಿಕೆಯನ್ನು ಅದು ಕೊಲ್ಲುತ್ತದೆ.