ಬ್ರೇಕ್ ಸರಿಮಾಡಿಸಿದ್ದೂ ಅಪರಾಧವೇ?



ಮಲೆನಾಡಿನ ಹಳೇ ಜೀಪುಗಳನ್ನು ಗುಜರಿಗೆ ಹಾಕಬೇಕು, ಮಾರ್ಪಾಡು ಮಾಡಿಸಿದವರಿಗೆಲ್ಲ ದಂಡ ಜಡಿಯಬೇಕು ಎಂಬ ನಿಮ್ಮ ಸಂಪಾದಕೀಯ ಓದಿದೆ. ಪ್ರವಾಸಿಗರನ್ನು ಕುರಿ ತುಂಬಿದಂತೆ ತುಂಬಿಕೊಂಡು ಗುಡ್ಡ ಹತ್ತುವವರಿಗೆ, ಎದೆಮಟ್ಟದ ಟೈರು ಹಾಕಿಸಿ ಪೇಟೆಯಲ್ಲಿ ಮೆರೆಯುವವರಿಗೆ ಎಷ್ಟು ಬೇಕಾದರೂ ದಂಡ ಹಾಕಲಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ಗಾಡಿ ನಿಲ್ಲಲಿ ಎಂದು ಮಾಡಿಸಿದ ಕೆಲಸವನ್ನೂ ನೀವು ಅದೇ ಪಟ್ಟಿಗೆ ಸೇರಿಸಿದ್ದೀರಿ.

ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿತು. ಆ ವಂಶದ ಗಾಡಿಗಳು ಇಂದಿಗೂ ನಮ್ಮ ಎಸ್ಟೇಟುಗಳಲ್ಲಿ, ಕೊಡಚಾದ್ರಿಯ ಕೊರಕಲು ದಾರಿಯಲ್ಲಿ ದುಡಿಯುತ್ತಿವೆ. ಪೆಟ್ರೋಲ್ ಖರ್ಚು ತಾಳಲಾರದೆ ಎಷ್ಟೋ ಮಾಲೀಕರು ಎಂದೋ ಡೀಸೆಲ್ ಎಂಜಿನ್ ಕೂರಿಸಿದರು. ಮೂತಿಯ ಮೇಲೆ ವಿಲ್ಲೀಸ್ ಅಂತಿದ್ದರೂ ಒಳಗಿನ ಸದ್ದು ಟ್ರ್ಯಾಕ್ಟರಿನದು! ಹೀಗೆ ಎಂಜಿನ್ ತೂಕ ಏರಿತು, ಟೈರು ದೊಡ್ಡದಾಯಿತು, ಬ್ರೇಕ್ ಮಾತ್ರ ಇದ್ದಂತೆಯೇ ಉಳಿಯಿತು: ನಾಲ್ಕೂ ಚಕ್ರಕ್ಕೆ ಡ್ರಮ್ಮು, ಎಲ್ಲಕ್ಕೂ ಸೇರಿ ಒಂದೇ ಆಯಿಲ್ ಲೈನು. ಒಂದು ಚಕ್ರದ ಸಿಲಿಂಡರ್ ಸೋರಿದರೆ ನಾಲ್ಕಕ್ಕೂ ಬ್ರೇಕಿಲ್ಲ, ಪೆಡಲ್ ಸೀದಾ ನೆಲ ಕಚ್ಚುತ್ತದೆ. ಹಳ್ಳ ದಾಟಿ ಡ್ರಮ್ಮಿಗೆ ನೀರು ನುಗ್ಗಿದರಂತೂ ಲೈನರ್ ಒಣಗುವ ತನಕ ದೇವರೇ ಗತಿ. ಮುಂದೆ ಡಿಸ್ಕ್, ಹಿಂದು ಮುಂದಿಗೆ ಬೇರೆ ಬೇರೆ ಲೈನಿರುವ ಮಾಸ್ಟರ್ ಸಿಲಿಂಡರ್, ಜೊತೆಗೆ ಬೂಸ್ಟರ್ ಹಾಕಿದರೆ ಈ ಕಾಟ ಬಹುಪಾಲು ತಪ್ಪುತ್ತದೆ. ನಾನೂ ಅದನ್ನೇ ಮಾಡಿಸಿದ್ದೇನೆ.

ಈಗ ಕಾನೂನು ನೋಡಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಧಿಕಾರಿ ಮನಸ್ಸು ಮಾಡಿದರೆ ನನ್ನ ಬ್ರೇಕೂ ಇದರೊಳಗೆ ಬೀಳುತ್ತದೆ. ಹಾಗಾದರೆ ವಿಂಟೇಜ್ ಎಂದು ನೋಂದಾಯಿಸೋಣವೆಂದರೆ 2021ರ ನಿಯಮಕ್ಕೆ 50 ವರ್ಷ ದಾಟಿದರಷ್ಟೇ ಸಾಲದು. ಗಾಡಿ ಮೂಲ ರೂಪದಲ್ಲೇ ಇರಬೇಕು, ದಿನನಿತ್ಯ ಓಡಿಸಕೂಡದು. ಶುಲ್ಕ 20,000 ರೂಪಾಯಿ. ಅದು ಷೋಕಿಯ ಕಾರಿಗೆ ಸರಿ, ಗೊಬ್ಬರ ಹೊರುವ ಜೀಪಿಗಲ್ಲ.

ಬ್ರಿಟನ್ನಿನಲ್ಲಿ 2025ರವರೆಗೆ ತೀರಾ ಬದಲಾದ ಹಳೇ ಗಾಡಿಗೆ ಅಂಕ ಕೊಡುತ್ತಿದ್ದರು. ಮೂಲ ಚಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೇರಿಂಗಿಗೆ ತಲಾ 2, ಎಂಜಿನ್ನಿಗೆ ಬರೀ 1. ಒಟ್ಟು 8 ಬಂದರೆ ಹಳೇ ನಂಬರೇ ಉಳಿಯುತ್ತಿತ್ತು, ಬರದಿದ್ದರೆ ಸುರಕ್ಷತಾ ಪರೀಕ್ಷೆ ಪಾಸಾಗಿ ಬೇರೆ ನಂಬರ್ ಪಡೆಯಬೇಕಿತ್ತು. ಬ್ರೇಕಿಗೆ ಅಂಕವೇ ಇರಲಿಲ್ಲ ಎಂಬುದನ್ನು ಗಮನಿಸಿ. ಅದನ್ನು ಉತ್ತಮಪಡಿಸಿಕೊಂಡರೆ ಗಾಡಿ ತನ್ನ ಗುರುತು ಕಳೆದುಕೊಳ್ಳುತ್ತಿರಲಿಲ್ಲ.

ಆರ್‌ಸಿ ನವೀಕರಣಕ್ಕೆ ನಮ್ಮ ಜೀಪುಗಳು ಹೇಗೂ ಐದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಹೋಗುತ್ತವೆ. ಇನ್‌ಸ್ಪೆಕ್ಟರು ಚಾಸಿ ನಂಬರ್ ಉಜ್ಜಿ ನೋಡುವುದರ ಜೊತೆಗೆ ಗಾಡಿಯನ್ನು ಓಡಿಸಿ, ನಿಲ್ಲಿಸಿ ನೋಡಲಿ. ವೆಲ್ಡಿಂಗ್ ತಟ್ಟಿ ನೋಡಲಿ. ಸರಿಯಿದ್ದರೆ ಆರ್‌ಸಿಯಲ್ಲಿ ಬರೆದುಕೊಡಲಿ, ಸರಿಯಿಲ್ಲದಿದ್ದರೆ ರಸ್ತೆಗೆ ಬಿಡುವುದು ಬೇಡ. ಇದಕ್ಕೊಂದು ನಿಯಮ ತನ್ನಿ ಎಂದು ನಿಮ್ಮ ಪತ್ರಿಕೆ ಸಾರಿಗೆ ಇಲಾಖೆಯನ್ನು ಒತ್ತಾಯಿಸಬೇಕೆಂದು ಕೋರುತ್ತೇನೆ.

— ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು